ಹಸಿರು ತಲೆಯ ತೋಟಾ

ಮೊಳೆ ಗೋಡೆಯಲ್ಲಿ ನಿಲ್ಲಲಿಲ್ಲ. ಟೊಳ್ಳು ಇಟ್ಟಿಗೆಯನ್ನು ಸೀಳಿ ಆಚೆ ಕೋಣೆಗೆ ನುಗ್ಗಿತು. ಊಟ ಮುಗಿಸಿ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಕಂಟ್ರಾಕ್ಟರನ ಕತ್ತಿನ ಹಿಂದೆ ಹೊಕ್ಕು, ಗಂಟಲಲ್ಲಿ ತುದಿ ತೋರಿಸಿತು. ಅವನು ಏಳಲು ನೋಡಿದ. ಬಾಯಿಂದ ಮಾತಿನ ಬದಲು ರಕ್ತ ಬಂತು. ಜನ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈಚೆ ಕೋಣೆಯಲ್ಲಿ ಮೊಳೆ ಗನ್ ಹಿಡಿದು ನಿಂತಿದ್ದವನು ಸತ್ತವನ ಭಾಮೈದ, ಫಿಟ್ಟರ್. ಕಿರುಚಾಟ ಕೇಳಿ ಅಡ್ಡಬಂದ ಅವನನ್ನು ದಾಟಿ ಅವನ ಅಕ್ಕ, ಸತ್ತವನ ಹೆಂಡತಿ, ಆಚೆ ಕೋಣೆಗೆ ಓಡಿದಳು. ಅವಳ ಕಾಲು ತಾಗಿ ನೆಲದ ಮೇಲಿದ್ದ ಎರಡು ತಗಡಿನ ಡಬ್ಬಿಗಳು ಉರುಳಿದವು. ಮೊಳೆ ಗನ್ನಿಗೆ ಹಾಕುವ ತೋಟಾಗಳು ಕೋಣೆಯ ತುಂಬ ಚೆಲ್ಲಿದವು.

ಕೊಲೆ ಎಂದು ಹೇಳಲು ಯಾರಿಗೂ ಪುರಾವೆ ಬೇಕಿರಲಿಲ್ಲ. ಹೋದ ವಾರವಷ್ಟೇ ಕಂಟ್ರಾಕ್ಟರ್ ಹೆಂಡತಿಯ ಬಲಗೈಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಮುರಿದಿದ್ದ. ಮರುದಿನ ಫಿಟ್ಟರ್ ಕೆಲಸದವರೆಲ್ಲರ ಎದುರು ಭಾವನ ಕೊರಳಪಟ್ಟಿ ಹಿಡಿದು, "ಇನ್ನೊಂದ್ಸಲ ಅಕ್ಕನ ಮೈ ಮುಟ್ಟಿ ನೋಡು, ಗೋಡೆಗೆ ಹೊಡೆದಂಗೆ ನಿನಗೂ ಮೊಳೆ ಹೊಡೀತೀನಿ" ಎಂದಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಠಾಣೆಗೆ ಬಂದ ಸಾಕ್ಷಿಗಳೆಲ್ಲ ಅದನ್ನೇ ಬಾಯಿಪಾಠ ಒಪ್ಪಿಸಿದರು.

ಇನ್ಸ್‌ಪೆಕ್ಟರ್ ಕಾಗದದ ಪೊಟ್ಟಣ ಬಿಚ್ಚಿ, ಕಾನ್‌ಸ್ಟೇಬಲ್ ಗುಡಿಸಿ ತಂದಿದ್ದ ತೋಟಾಗಳನ್ನು ಮೇಜಿನ ಮೇಲೆ ಸುರಿದ. ಕಿರುಬೆರಳ ತುದಿಯಷ್ಟು ಹಿತ್ತಾಳೆ ತುಂಡುಗಳು. ಗುಂಡಿಲ್ಲ, ಮದ್ದು ಮಾತ್ರ. ತಲೆಗೆ ಬಳಿದ ಬಣ್ಣವೇ ಅವುಗಳ ಕಸುವಿನ ಗುರುತು: ಟೊಳ್ಳು ಗೋಡೆಗೆ ಹಸಿರು, ಕಬ್ಬಿಣದ ತೊಲೆಗೆ ಕೆಂಪು.

"ನೀನು ಯಾವ್ದು ಹಾಕ್ದೆ?"

"ಹಸಿರು, ಸಾರ್. ಹಸಿರಾದ್ರೆ ಮೊಳೆ ಗೋಡೆಯಲ್ಲೇ ನಿಲ್ಲುತ್ತೆ. ಆ ಧೈರ್ಯದ ಮೇಲೆ ಆಚೆ ಹೋಗಿ ನೋಡ್ಲಿಲ್ಲ. ಭಾವನೇ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ರು. ಅಲ್ಲಿಗೇ ಹೊಡೆದೆ."

"ಗನ್ನಿನೊಳಗೆ ಸಿಕ್ಕಿದ ಖಾಲಿ ತೋಟಾ ಕೆಂಪು ಕಣಯ್ಯಾ."

ಫಿಟ್ಟರನ ಮುಖ ಬಿಳಿಚಿತು. ಬಾಗಿಲ ಬಳಿ ಬೆಂಚಿನ ಮೇಲಿದ್ದ ಅಕ್ಕನತ್ತ ತಿರುಗಿದ. ಅಕ್ಕ ನೆಲ ನೋಡುತ್ತಿದ್ದಳು.

"ಆ ಕುರ್ಚಿ ಗೋಡೆ ಹತ್ರ ಹೆಂಗೆ ಬಂತು?" ಇನ್ಸ್‌ಪೆಕ್ಟರ್ ಗದರಿದ. "ಇವನೇ ಹಾಕಿದ್ನಾ?"

"ನಾನು ಸಾರ್," ಎಂದಳು ಅಕ್ಕ. "ಊಟ ತಗೊಂಡು ಹೋಗಿದ್ದೆ. ಕಿಟಕಿ ಹತ್ರ ಬಿಸಿಲು ಹೊಡೀತಿತ್ತು. ನಾನೇ ಎಡಗೈಲಿ ಎಳೆದು ಹಾಕ್ದೆ. ಪಾಪಿ ನಾನು." ಸೆರಗು ಬಾಯಿಗೊತ್ತಿಕೊಂಡಳು. ಅಷ್ಟು ಏಟು ತಿಂದೂ ಗಂಡನಿಗೆ ಬಿಸಿಲು ತಾಗದಿರಲಿ ಎಂದವಳು! ಕಾನ್‌ಸ್ಟೇಬಲ್ ನೀರು ತಂದುಕೊಟ್ಟ.

"ನಿನ್ನ ತಮ್ಮ ಬೇಕಂತಲೇ ಕೆಂಪು ಹಾಕಿದಾನೆ ತಾಯಿ. ಜೀವಾವಧಿ ಗ್ಯಾರಂಟಿ."

ಆಗ ಅವಳು ಎದ್ದು ನಿಂತಳು. "ಇಲ್ಲ ಸಾರ್. ಅವನಿಗೆ ಕೆಂಪು ಹಸಿರು ಗೊತ್ತಾಗಲ್ಲ. ಹುಟ್ಟಿದಾಗಿಂದ ಹಂಗೇ. ಟೊಮೆಟೊ ತಾ ಅಂದ್ರೆ ಬರೀ ಕಾಯಿ ತರ್ತಿದ್ದ, ಅಮ್ಮ ಬೈಯೋಳು. ಕೆಲಸ ಹೋಗುತ್ತೆ ಅಂತ ಯಾರಿಗೂ ಹೇಳಿಲ್ಲ. ಬೇಕಾದ್ರೆ ಪರೀಕ್ಷೆ ಮಾಡಿ."

"ಅಕ್ಕಾ, ಬೇಡ," ಎಂದ ಫಿಟ್ಟರ್. ಮುಚ್ಚಿಟ್ಟ ಕುಂದು ಬಯಲಾದ ನಾಚಿಕೆ ಎಂದುಕೊಂಡರು ಅಲ್ಲಿದ್ದವರು.

ಇನ್ಸ್‌ಪೆಕ್ಟರ್ ರಾಶಿಯನ್ನು ಅವನ ಮುಂದೆ ತಳ್ಳಿ, ಹಸಿರನ್ನೆಲ್ಲ ಒಂದು ಕಡೆ ಮಾಡು ಎಂದ. ಬೆವರು ಒರೆಸಿಕೊಳ್ಳುತ್ತ ಫಿಟ್ಟರ್ ಆರಿಸಿದ. ಆರಿಸಿದ್ದರಲ್ಲಿ ಅರ್ಧಕ್ಕರ್ಧ ಕೆಂಪು. ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ ಮತ್ತೆ ಆರಿಸಿದರೂ ಅಷ್ಟೇ. ಸುಳ್ಳು ಕಣ್ಣಿನಲ್ಲಿ ಅಷ್ಟು ಹೆಣಗಾಟ ಇರುವುದಿಲ್ಲವೆಂದು ಇನ್ಸ್‌ಪೆಕ್ಟರಿಗೂ ಅನ್ನಿಸಿತು.

"ಬಣ್ಣ ಕಾಣದವನ ಕೈಗೆ ಇದನ್ನ ಕೊಟ್ಟ ಪುಣ್ಯಾತ್ಮ ಯಾರಯ್ಯಾ?"

"ಸತ್ತೋರೇ ಸಾರ್," ಎಂದ ಕಾನ್‌ಸ್ಟೇಬಲ್ ಮೆಲ್ಲಗೆ.

ಇನ್ಸ್‌ಪೆಕ್ಟರ್ ತೋಟಾಗಳ ಜೊತೆ ತಂದಿದ್ದ ಖಾಲಿ ಡಬ್ಬಿಗಳನ್ನು ಎತ್ತಿ ನೋಡಿದ. ಎರಡೂ ಒಂದೇ ಅಳತೆ, ಒಂದೇ ತುಕ್ಕು. ಒಂದರ ಕತ್ತಿಗೆ ಮಾತ್ರ ಬಿಳಿ ದಾರ ಸುತ್ತಿತ್ತು.

"ಇದೇನು ದಾರ?"

ಫಿಟ್ಟರ್ ದಾರದಿಂದ ಕಣ್ಣು ಕಿತ್ತ. "ಮುಚ್ಚಳ ಸಡಿಲ ಸಾರ್. ಬಿಚ್ಕೊಳ್ಳುತ್ತೆ."

"ಇಷ್ಟು ದಿನ ಹೆಂಗೆ ನಿಭಾಯಿಸ್ದೆ ಮತ್ತೆ?"

"ಅಂದಾಜಿನ ಮೇಲೆ. ಇವತ್ತು ತಪ್ಪಿತು. ನನ್ನದೇ ತಪ್ಪು ಸಾರ್, ನನ್ನೊಬ್ಬನದೇ."

ಇನ್ಸ್‌ಪೆಕ್ಟರ್ ದಾರವನ್ನು ಕಿತ್ತು ಎಸೆದು ಪೆನ್ನು ತೆಗೆದ. ಕೊಲೆ ಅಲ್ಲ, ನಿರ್ಲಕ್ಷ್ಯ. ಸಂಜೆಯೊಳಗೆ ಜಾಮೀನೂ ಆಯಿತು. ಗನ್ ಮಾತ್ರ ಈ ಜನ್ಮದಲ್ಲಿ ಮುಟ್ಟಕೂಡದು ಎಂದು ಬೈದು ಕಳಿಸಿದ. ಹೋಗುವಾಗ ಫಿಟ್ಟರ್ ಬಗ್ಗಿ ಚಪ್ಪಲಿ ಸರಿಮಾಡಿಕೊಂಡ.

ಇಬ್ಬರೂ ರಸ್ತೆ ಹಿಡಿದು ನಡೆದರು. ಭಾವನ ಕತ್ತು ಅವನ ಕಣ್ಣ ಮುಂದಿಂದ ಹೋಗುತ್ತಿರಲಿಲ್ಲ. ಜೊತೆಗೆ ಅಕ್ಕನ ಕೈಯ ಬ್ಯಾಂಡೇಜೂ.

"ಕೈ ನೋಯ್ತಿದ್ಯಾ ಅಕ್ಕಾ?"

"ಈಗಿಲ್ಲ. ಬೇಗ ನಡಿ, ಊಟಕ್ಕೆ ಹೊತ್ತಾಯ್ತು."

ಜೇಬಿನೊಳಗೆ ಅವನ ಬೆರಳಿಗೆ, ಠಾಣೆಯ ನೆಲದಿಂದ ಎತ್ತಿಕೊಂಡಿದ್ದ ಬಿಳಿ ದಾರದ ಗಂಟು ತಾಗಿತು. ಅವನು ಕೆಲಸಕ್ಕೆ ಸೇರಿದಂದಿನಿಂದ ದಿನಾ ಬೆಳಿಗ್ಗೆ ತೋಟಾಗಳನ್ನು ಬಣ್ಣ ನೋಡಿ ಬೇರೆ ಮಾಡಿ, ತಮ್ಮನಿಗೆ ಗೊತ್ತಾಗಲೆಂದು ಹಸಿರಿನ ಡಬ್ಬಿಗೆ ದಾರ ಕಟ್ಟಿ ಕೊಡುತ್ತಿದ್ದವಳು ಅಕ್ಕ.

ಇವತ್ತೂ ಅವನು ಕೈ ಹಾಕಿದ್ದು ದಾರ ಕಟ್ಟಿದ ಡಬ್ಬಿಗೇ.