ಎಡಗಣ್ಣಿನ ಕೆಳಗಿನ ಸುಳಿ

ರೇಣುಕಪ್ರಸಾದ್ ಎತ್ತಿನ ತುಟಿ ಎತ್ತಿ ಹಲ್ಲು ನೋಡಿದ. ನಾಲ್ಕು ಹಲ್ಲು, ಎಳೆ ಪ್ರಾಯ. ಗೊರಸು ಒತ್ತಿದ, ಬೆನ್ನ ಮೇಲೆ ಅಂಗೈ ಎಳೆದ, ಕೊಂಬಿನ ಬುಡ ಹಿಡಿದು ಅಲ್ಲಾಡಿಸಿದ. ಎಲ್ಲೂ ಕೊಂಕು ಸಿಗಲಿಲ್ಲ. ಸಿಗದಷ್ಟೂ ಅವನ ಹೊಟ್ಟೆ ಉರಿಯಿತು.

ಕಿಬ್ಬನಹಳ್ಳಿ ಕ್ರಾಸಿನ ಹೋಟೆಲ್ ಹಿಂದಿನ ಬಯಲಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಹಳ್ಳಿಕಾರ್ ತಳಿಯ ರಾಸುಗಳ ಹುಚ್ಚಿನವರು ಸೇರುತ್ತಿದ್ದರು. ಹೊಸದಾಗಿ ಏನು ಕೊಂಡರೂ ಮೊದಲು ಅಲ್ಲಿಗೆ ತರಬೇಕು. ನೋಡಿದವರು ಮುಖದ ಮೇಲೆ ನಿಜ ಹೇಳಬೇಕು. ಅವತ್ತು ಬೆಟ್ಟಸ್ವಾಮಿ ಕೊಂಬಿನ ತುದಿಗೆ ಹಾಕುವ ಹಿತ್ತಾಳೆ ಅಣಸು ತಂದಿದ್ದ.

"ಇದೇನ್ಲಾ, ಮಂಚದ ಕಾಲಿಗೆ ಹಾಕೋದು ಎತ್ಕೊಂಡ್ ಬಂದಿದ್ದೀಯ" ಎಂದು ಯಾರೋ ರೇಗಿಸಿದರು. ಎಲ್ಲರೂ ನಕ್ಕರು.

ಆಗಲೇ ಲಗೇಜ್ ಆಟೋದಿಂದ ಶಿವರಾಜು ಈ ಎತ್ತನ್ನು ಇಳಿಸಿದ್ದು. ಅಣಸು ನೋಡುವವರೇ ಇಲ್ಲವಾದರು.

ಶಿವರಾಜು ರೇಣುಕಪ್ರಸಾದನ ಅಕ್ಕನ ಗಂಡ. ಆರು ತಿಂಗಳ ಹಿಂದೆ ಉಳುಮೆಗೆಂದು ಇವನ ಜೋಡಿ ಎತ್ತು ಎರವಲು ಒಯ್ದಿದ್ದ. ಅದರಲ್ಲೊಂದು ಅವನ ತೋಟದ ಪಾಳುಬಾವಿಗೆ ಬಿದ್ದು ಸತ್ತಿತು. "ಹೋಗಿದ್ದು ಹೋಯ್ತು ಬುಡಿ ಭಾವ" ಎಂದು ರೇಣುಕಪ್ರಸಾದ್ ಹತ್ತು ಜನರ ಮುಂದೆ ದೊಡ್ಡ ಮನಸ್ಸು ತೋರಿಸಿದ್ದ. ಆದರೆ ಕೊಟ್ಟಿಗೆಯಲ್ಲಿ ಉಳಿದ ಒಂಟಿ ಎತ್ತಿಗೆ ಮೇವು ಹಾಕುವಾಗೆಲ್ಲ ಅವನ ದವಡೆ ಬಿಗಿಯುತ್ತಿತ್ತು. ಊರೂರು ತಿರುಗಿದರೂ ಅದಕ್ಕೆ ಜೋಡಿ ಸಿಕ್ಕಿರಲಿಲ್ಲ.

ಈಗ ಕಣ್ಣೆದುರಿಗೇ ನಿಂತಿದೆ. ಅದೇ ಎತ್ತರ, ಅದೇ ಬಿಳುಪು, ಹಿಂದಕ್ಕೆ ಬಾಗಿದ ಅದೇ ಕೊಂಬು. ಹೋದ ತಿಂಗಳು ಭಾವ ಕೊಟ್ಟಿಗೆಗೆ ಬಂದು ಒಂಟಿ ಎತ್ತಿನ ಕೊಂಬನ್ನು ಗೇಣಿನಲ್ಲಿ ಅಳೆದು, ಫೋಟೋ ತೆಗೆದುಕೊಂಡು ಹೋಗಿದ್ದು ಇದಕ್ಕೇ. ನನ್ನದನ್ನು ಬಾವಿಗೆ ಕೆಡವಿ, ಅಂಥದ್ದನ್ನೇ ತನಗೆ ಕೊಂಡು, ನನ್ನ ಮುಂದೆಯೇ ಮೆರೆಸುತ್ತಾನೆ.

"ಮಿಕ್ಕೋರ ಮಾತು ಬುಡು" ಎಂದ ಶಿವರಾಜು. ಮದುವೆಮನೆ ಯಜಮಾನನಂತೆ ಮುಖ ಅರಳಿತ್ತು. "ನಿನ್ನ ಕಣ್ಣಿಗೆ ಹೆಂಗೈತೆ, ಅದು ಹೇಳು."

ರೇಣುಕಪ್ರಸಾದ್ ಎಡಗಡೆಗೆ ಬಂದ. ಎತ್ತಿನ ಕಣ್ಣಿನ ಕೆಳಗೆ ಕಾಳಿನಷ್ಟು ಜಾಗದಲ್ಲಿ ಕೂದಲು ಸುತ್ತಿಕೊಂಡು ಒಂದು ಸುಳಿ ಇತ್ತು. ಅಪ್ಪ ಹೇಳಿಕೊಟ್ಟ ಕೆಟ್ಟ ಸುಳಿಗಳಲ್ಲಿ ಅದು ಇರಲಿಲ್ಲ. ಅವನು ಅದರ ಮೇಲೆ ಬೆರಳಿಟ್ಟು ತಲೆ ಅಲ್ಲಾಡಿಸಿದ. ಮಾತಾಡುತ್ತಿದ್ದವರೂ ಹತ್ತಿರ ಬಂದರು.

"ಯಾಕ್ಲಾ?"

"ಈ ಸುಳಿ ಇರೋದನ್ನ ಕಟ್ಕೊಂಡ ಯಜಮಾನ ವರ್ಸ ಉಳಿಯಲ್ಲ ಭಾವ."

ಶಿವರಾಜು ಹಿರಿಯ ಸಣ್ಣತಿಮ್ಮಯ್ಯನ ಕಡೆ ತಿರುಗಿದ. ಅಜ್ಜನಿಗೆ ಕಣ್ಣಿನ ಪೊರೆ. "ನಂಗೆ ಕಾಣಕಿಲ್ಲ ಕಣಪ್ಪ. ರೇಣುಕ ಅಂದ್ಮೇಲೆ ಮುಗೀತು. ಅವರಪ್ಪ ಸುಳಿ ನೋಡೋದ್ರಲ್ಲಿ ಎತ್ತಿದ ಕೈ."

ಶಿವರಾಜುವಿನ ಹಗ್ಗ ಹಿಡಿದ ಕೈ ಕೆಳಗೆ ಬಿತ್ತು. ಟೀಗೂ ನಿಲ್ಲದೆ ಎತ್ತನ್ನು ಆಟೋಗೆ ಹತ್ತಿಸಿ ಹೊರಟುಹೋದ. ರೇಣುಕಪ್ರಸಾದ್ ಎರಡು ಟೀ ಕುಡಿದ.

ಮಾರನೆಯ ದಿನವೇ ದಲ್ಲಾಳಿ ಚಿತ್ತಪ್ಪನನ್ನು ಭಾವನ ಮನೆಗೆ ಕಳಿಸಿದ. ಹಾಸನದ ಕಡೆಯವರು, ಸುಳಿಗಿಳಿ ನಂಬುವವರಲ್ಲ, ಅರ್ಧ ಬೆಲೆಗೆ ಕೇಳುತ್ತಿದ್ದಾರೆ ಎನ್ನಬೇಕು. ಎತ್ತು ತನ್ನ ಕೊಟ್ಟಿಗೆಗೆ ಬಂದ ಮೇಲೆ ಕೇಳಿದವರಿಗೆ ಶಾಂತಿ ಮಾಡಿಸಿದೆ ಅಂದರಾಯಿತು.

ಚಿತ್ತಪ್ಪ ಸಂಜೆ ಬರಿಗೈಲಿ ಬಂದ. "ರೇಟು ಮಾತಾಡಕ್ಕೆ ಟವೆಲ್ ಒಳಗೆ ಬೆರಳೇ ಇಡಲಿಲ್ಲ ಕಣಪ್ಪ. ಮಾರೋ ಮಾಲಲ್ಲ ಅಂದ."

"ಹೆದರಿಕೆ ಇಲ್ವಾ ಅವನಿಗೆ?"

"ಹೆದರವ್ನೆ. ಊಟ ಬಿಟ್ಟವ್ನಂತೆ. ನಾನು ಬರೋವಾಗ ಕುಲುಮೆ ಕಡೆ ಹೊರಟಿದ್ದ. ಲಾಳ ಕಟ್ಟಿಸಕ್ಕೇನೋ."

"ಇರ್ಲಿ ಬುಡು. ಇನ್ನೊಂದು ವಾರ ಬೇಯ್ಲಿ. ಅವನಾಗೇ ಕಾಲ್ ಬೆಲೆಗೆ ಕೊಡ್ತಾನೆ."

ಮುಂದಿನ ಎರಡು ದಿನ ರೇಣುಕಪ್ರಸಾದ್ ಖುಷಿಯಾಗಿದ್ದ. ಕೊಟ್ಟಿಗೆಯ ಖಾಲಿ ಗೂಟ ಕಿತ್ತು ಹೊಸದು ನೆಟ್ಟ. ಕಲಗಚ್ಚಿನ ಬಾನಿ ತೊಳೆದ. ಬೆಟ್ಟಸ್ವಾಮಿಗೆ ಫೋನ್ ಮಾಡಿ ಆ ಅಣಸು ಎಲ್ಲಿ ಕೊಂಡೆ ಎಂದು ಕೇಳಿದ.

ಗುರುವಾರ ಬೆಳಿಗ್ಗೆ ಅವನು ಸಗಣಿ ಬಾಚುತ್ತಿದ್ದಾಗ ಶಿವರಾಜು ಎತ್ತು ಹಿಡಿದುಕೊಂಡು ನಡೆದೇ ಬಂದ. ವಾರವೂ ಬೇಕಾಗಲಿಲ್ಲ ಎಂದುಕೊಂಡ ರೇಣುಕಪ್ರಸಾದ್. ಎತ್ತಿನ ಬಲಮಗ್ಗುಲು ಬಿಸಿಲಿಗೆ ಬೆಣ್ಣೆಯಂತೆ ಹೊಳೆಯುತ್ತಿತ್ತು. ಗೇಟು ದಾಟುವಾಗ ಅದರ ಎಡ ಭುಜ ಕಲ್ಲುಕಂಬಕ್ಕೆ ಧಡ್ಡನೆ ಬಡಿಯಿತು. ಅದು ಬೆದರಿ ತಿರುಗಿತು.

ಎಡಗಣ್ಣು ಇರಲಿಲ್ಲ. ಇದ್ದ ಕಡೆ ಕೀವು ತುಂಬಿದ ಗುಳಿ. ಅಲ್ಲಿಂದ ದವಡೆವರೆಗೂ ಚರ್ಮ ಸುಟ್ಟು ಸುಲಿದಿತ್ತು. ನೊಣ ಮುತ್ತಿದ್ದವು.

"ಏನ್ ಮಾಡ್ಬುಟ್ರಿ ಭಾವ ಇದು?"

"ಸುಳಿ ಸುಟ್ಟೆ ಕಣ್ಲಾ." ಶಿವರಾಜು ನಾಲ್ಕು ದಿನಕ್ಕೆ ಸೊರಗಿದ್ದ. "ಕಣ್ಣತ್ರ ಬ್ಯಾಡ ಅಂದ ಕಮ್ಮಾರ. ನಾನೇ ಕಂಬಿ ಕಾಸಿ ಇಕ್ಕಿದೆ. ನಾಲ್ಕಾಳು ಅದುಮಿಡಿದಿದ್ರೂ ಕೊಡವಿಬಿಡ್ತು. ಕಣ್ಣೋಯ್ತು. ಸುಳಿಯಂತೂ ಇಲ್ಲ ಈಗ."

ರೇಣುಕಪ್ರಸಾದನಿಗೆ ಸಿಟ್ಟು ನೆತ್ತಿಗೇರಿತು. "ಅಂಥ ಎತ್ತನ್ನ ಹಾಳ್ ಮಾಡೋ ಬದ್ಲು ಹಂಗೇ ಮಾರಾಕ್ಬೋದಿತ್ತಲ್ಲ."

ಶಿವರಾಜು ಹಗ್ಗವನ್ನು ಅವನ ಅಂಗೈಲಿಟ್ಟು, ಬೆರಳು ಮಡಚಿ ಬಿಗಿಯಾಗಿ ಹಿಡಿದ.

"ಮಾರಕ್ಕೆ ನಂದೇನ್ಲಾ ಇದು? ಸತ್ತ ನಿನ್ನ ಎತ್ತಿಗೆ ಬದ್ಲು ಅಂತ ನಿಂಗೇ ತಂದಿದ್ದು. ಭಾನ್ವಾರನೇ ಕೊಡೋನಿದ್ದೆ, ಕಟ್ಕೊಂಡೋನು ಉಳಿಯಲ್ಲ ಅಂತ ನೀನೇ ಅಂದ್ಬುಟ್ಟೆ."