ಕೊನೆಯ ಓ

ಸತ್ತವರನ್ನು ಹೆಸರು ಹಿಡಿದು ಕರೆದರೆ ಒಮ್ಮೆ ‘ಓ’ ಎನ್ನುತ್ತಾರೆ. ಮನಸ್ಸಿನಲ್ಲಿ ಉಳಿದ ಮಾತೊಂದನ್ನು ಹೇಳಿ ಸುಮ್ಮನಾಗುತ್ತಾರೆ. ಓಗೊಡದ ಹೆಣವನ್ನು ಯಾರೂ ಕಂಡಿಲ್ಲ. ಆ ಮಾತು ಕೇಳಿಸಿಕೊಂಡ ಮೇಲೆಯೇ ಡಾಕ್ಟರು ಸಹಿ ಹಾಕಬೇಕೆಂಬುದು ಆಸ್ಪತ್ರೆಗಳ ಕಟ್ಟಳೆ. ಆದರೆ ನೀಲವ್ವನನ್ನು ಕರೆಯದೆಯೇ ಡಾಕ್ಟರು ಸಹಿ ಹಾಕಿ, ಮುಖದ ಮೇಲೆ ಬಟ್ಟೆ ಎಳೆದುಬಿಟ್ಟಿದ್ದರು.

ಗಂಡ ಸಂಗಬಸಪ್ಪ ಸ್ಟ್ರೆಚರಿಗೆ ಅಡ್ಡ ನಿಂತ. “ಸಾಹೇಬ್ರ, ಆಕಿ ಕಡೀ ಮಾತು ಕೇಳದ ನಾ ಹ್ಯಾಂಗ ಮಣ್ಣು ಕೊಡ್ಲಿ? ಒಮ್ಮೆ ಕರೀರಿ.”

“ಅಜ್ಜಾರ, ಹೊರಗ ಪೇಶಂಟ್ ಸಾಲು ನಿಂತೈತಿ. ನೀವ ಕರೀರಲ್ಲ,” ಎಂದರು ಡಾಕ್ಟರು, ಮೊಬೈಲಿನಿಂದ ಕಣ್ಣೆತ್ತದೆ.

ಸಂಗಬಸಪ್ಪ ತಬ್ಬಿಬ್ಬಾದ. ಜೀವಮಾನವೆಲ್ಲ ಹೆಂಡತಿಯನ್ನು ‘ಏ, ಕೇಳಿಲ್ಲಿ’ ಎಂದು ಕರೆದವನೇ ಹೊರತು ಅವಳ ಹೆಸರನ್ನು ಬಾಯಿಬಿಟ್ಟು ಹೇಳಿದವನಲ್ಲ. ಶಿವನನ್ನು ನೆನೆದು, ನಾಚುತ್ತಲೇ ಅವಳ ಕಿವಿಯ ಬಳಿ ಬಾಗಿದ.

“ನೀಲವ್ವಾ...”

ಉತ್ತರವಿಲ್ಲ. ಗಟ್ಟಿಯಾಗಿ ಕೂಗಿದ. ವಾರ್ಡೆಲ್ಲ ತಿರುಗಿ ನೋಡಿತು. ನೀಲವ್ವ ಮಾತ್ರ ಮಿಸುಕಲಿಲ್ಲ.

“ಯಜಮಾನ್ರ ಮ್ಯಾಲೆ ಸಿಟ್ಟಾಗ್ಯಾಳೇನೋ,” ಎಂದು ನರ್ಸಮ್ಮ ನಕ್ಕಳು. ಮರುಕ್ಷಣವೇ ಅವಳ ನಗು ನಿಂತಿತು. ಡಾಕ್ಟರ ಕೈಯಿಂದ ಮೊಬೈಲು ಜಾರಿತು.

“ಓ ಅನ್ನಲಿಲ್ಲ!” ಸಂಗಬಸಪ್ಪ ಮುಸುಕು ಕಿತ್ತೆಸೆದ. “ಓ ಅನ್ನಲಿಲ್ರೀ! ನನ್ನ ನೀಲವ್ವ ಬದುಕ್ಯಾಳ! ಆಕ್ಸಿಜನ್ ತರ್ರೀ, ಓಡ್ರೀ!”

ಡಾಕ್ಟರು ಓಡಿದರು. ಕೊನೆಯ ಮಾತಿಗಾಗಿ ಕಾಡಿದ್ದ ಸಂಗಬಸಪ್ಪ ಈಗ ಹೆಂಡತಿಯ ತುಟಿಯ ಮೇಲೆ ಬೆರಳಿಟ್ಟು ಅಳುತ್ತ, ನಗುತ್ತ ಬೇಡಿಕೊಂಡ:

“ಏನೂ ಮಾತಾಡಬ್ಯಾಡ. ಹಿಂಗ ಸುಮ್ಮನಿರು.”