ಎಲ್ಲಾ ಖಾನೆಯಲ್ಲೂ ಎನ್.ಎ.ಡಿ.

ಕಲ್ಲು ಕ್ವಾರಿಯ ಕೂಲಿಗಳಿಗೆ ವರ್ಷದ ಆರೋಗ್ಯ ತಪಾಸಣೆಯ ಚೀಟಿಗಳನ್ನು ಬೆಳಿಗ್ಗೆಯಷ್ಟೇ ಹಂಚಿದ್ದರು. ಕ್ವಾರಿಯ ಡಾಕ್ಟರು ಚಹಾದ ಕಪ್ಪು ಬಾಯಿಗಿಟ್ಟಿದ್ದೇ ತಡ, ಫಕೀರವ್ವ ಒಳನುಗ್ಗಿ ಗಂಡನ ಚೀಟಿಯನ್ನು ಮೇಜಿಗೆ ಬಡಿದಳು.

"ಎಲ್ಲಾ ಕಡೆ ಎನ್.ಎ.ಡಿ. ಅಂತ ಬರದೀರಿ. ಹಂಗಂದ್ರೇನ್ರಿ?"

"ದೋಷ ಏನೂ ಕಂಡಿಲ್ಲ ಅಂತ."

"ಎದಿ?"

"ಚಲೋ ಐತಿ."

"ಉಸಿರಾಟ?"

"ಅದೂ ಚಲೋ ಐತಿ."

"ನೀವs ನೋಡೀರೇನು?"

ಡಾಕ್ಟರಿಗೆ ಸಿಟ್ಟು ನೆತ್ತಿಗೇರಿತು. ಕಲಿತವನನ್ನು ಕಲ್ಲು ಹೊರುವವಳು ಹೀಗೆ ಕೇಳುವುದೆಂದರೇನು!

"ಮೊನ್ನೆ ಸೋಮವಾರ ನಾನs ಕೈಮುಟ್ಟಿ ನೋಡೀನಿ. ತಾರೀಖು ಐತಿ, ಸಹಿ ಐತಿ. ಗಟ್ಟಿಮುಟ್ಟಾದ ಗಂಡನ್ನ ಮನ್ಯಾಗಿಟ್ಕೊಂಡು ಇಲ್ಲಿ ಬಂದು ಬಾಯಿ ಮಾಡಬ್ಯಾಡ!"

"ಮನ್ಯಾಗಿಲ್ರಿ," ಎಂದಳು ಫಕೀರವ್ವ. "ಅವರನ್ನ ಮಣ್ಣು ಮಾಡಿ ಮೂರು ತಿಂಗಳಾತು."